ಕಿರ್ರೆನ್ನದ ಬಾಗಿಲು

ಅಪರಾಧಗಳ ಚರಿತ್ರೆಯಲ್ಲಿ ಕೊಲೆ, ದರೋಡೆ, ಸುಲಿಗೆಗಳಿಗೆ ಅವುಗಳದೇ ಆದ ಸ್ಥಾನಮಾನವಿದೆ. ಆದರೆ ಕಿರುಗುಟ್ಟುವ ಸದ್ದೊಂದು ಕಳುವಾದ ಪ್ರಕರಣ ಅಲ್ಲಿ ಅದುವರೆಗೆ ದಾಖಲಾಗಿರಲಿಲ್ಲ. ಈ ಗಂಭೀರ ಕೊರತೆಯನ್ನು ತುಂಬಿಕೊಡುವ ಯೋಗ ಮಾರುಕಟ್ಟೆ ರಸ್ತೆಯ ಪೊಲೀಸ್ ಠಾಣೆಗೆ ಮಾರ್ಚ್ ಹನ್ನೊಂದರ ಬುಧವಾರ ಬೆಳಗ್ಗೆ ಹತ್ತೂವರೆಗೆ ಒದಗಿಬಂತು.

ದೂರು ತಂದವರು ನಿವೃತ್ತ ಹೆರಿಗೆ ನರ್ಸ್. ವಯಸ್ಸು ಅರವತ್ತೇಳು. ಠಾಣೆಯ ಬೆಂಚನ್ನು ಕರವಸ್ತ್ರದಿಂದ ಒರೆಸಿದರು, ಕರವಸ್ತ್ರವನ್ನೊಮ್ಮೆ ನೋಡಿದರು, ನಿಂತೇ ಇರುವುದು ವಾಸಿ ಎಂದು ತೀರ್ಮಾನಿಸಿದರು.

ದೂರು ಬರೆದುಕೊಳ್ಳಬೇಕಾಗಿದ್ದ ಹೆಡ್ ಕಾನ್‌ಸ್ಟೇಬಲ್‌ಗೆ ಠಾಣೆಯಲ್ಲಿ ‘ಕವಿ’ ಎಂದು ಹೆಸರು. ಅವನು ಜನ್ಮದಲ್ಲಿ ಒಂದು ಪದ್ಯ ಬರೆದವನಲ್ಲ. ಪಂಚನಾಮೆಗಳಲ್ಲಿ ವಿಶೇಷಣಗಳನ್ನು ಬಳಸುತ್ತಿದ್ದ, ಅಷ್ಟೆ. ‘ಸದರಿ ಶವವು ವಿಷಣ್ಣ ಮುಖಮುದ್ರೆಯಿಂದ ಕೂಡಿತ್ತು’ ಎಂದು ಅವನು ಬರೆದಿದ್ದನ್ನು ನ್ಯಾಯಾಧೀಶರು ಒಮ್ಮೆ ತುಂಬಿದ ಕೋರ್ಟಿನಲ್ಲಿ ಎರಡು ಸಲ ಓದಿಸಿ ಕೇಳಿದ್ದರು. ಅಂಥ ಕವಿ ಇಂದು ಪೆನ್ನು ಕೆಳಗಿಟ್ಟು ಇನ್ಸ್‌ಪೆಕ್ಟರ ಕೋಣೆಗೆ ಬಂದ.

“ಸಾರ್, ಹೊರಗೆ ಒಬ್ಬರು ಬಂದಿದಾರೆ. ಸದ್ದು ಕಳುವಾಗಿದೆಯಂತೆ. ಯಾವ ಸೆಕ್ಷನ್ ಹಾಕಲಿ?”

ಇನ್ಸ್‌ಪೆಕ್ಟರಿಗೆ ಬೆಳಗಿನ ಹನ್ನೊಂದಕ್ಕೆ ಮುಂಚೆ ಸಿಟ್ಟು ಬರುತ್ತಿರಲಿಲ್ಲ. ಅವರು ದೂರುದಾರರನ್ನು ಒಳಗೆ ಕರೆಸಿದರು.

“ಏನು ಕಳುವಾಗಿದೆ, ಅಮ್ಮಾ?”

“ಕಿರ್ ಅನ್ನೋದು.”

“ಯಾವುದರ ಕಿರ್?”

“ನನ್ನ ಕಾರಿಂದು. ಡ್ರೈವರ್ ಕಡೆ ಬಾಗಿಲು. ಇಪ್ಪತ್ತು ವರ್ಷದಿಂದ ತೆಗೆದಾಗೆಲ್ಲ ಕಿರ್ ಅಂತಿತ್ತು. ಈಗ ಅನ್ನಲ್ಲ.”

“ಯಾರಾದ್ರೂ ಎಣ್ಣೆ ಬಿಟ್ಟಿರಬೇಕು.”

“ಬಿಡಲ್ಲ. ಬಿಡಬಾರದು ಅಂತ ಹೇಳಿಟ್ಟಿದೀನಿ.” ನರ್ಸಮ್ಮ ಕುರ್ಚಿಯನ್ನು ಒರೆಸದೆಯೇ ಕುಳಿತರು. “ನಾನು ಮನೆಮನೆಗೆ ಹೋಗಿ ಹೆರಿಗೆ ಮಾಡಿಸ್ತಿದ್ದೋಳು. ಹೊರಗೆ ಬಾಗಿಲು ಕಿರ್ ಅಂದ್ರೆ ನರ್ಸಮ್ಮ ಬಂದ್ರು ಅಂತ ಅರ್ಥ. ಒಳಗೆ ನೋವು ತಿನ್ನೋಳು ಅಲ್ಲಿಗೇ ಅರ್ಧ ಧೈರ್ಯ ತಗೊಳ್ತಿದ್ಳು. ಅದಕ್ಕೇ ಗ್ಯಾರೇಜಿನ ಮೇಸ್ತ್ರಿಗೆ ಹೇಳಿದ್ದೆ, ಏನು ಬೇಕಾದ್ರೂ ರಿಪೇರಿ ಮಾಡು, ಅದೊಂದನ್ನ ಮುಟ್ಟಬೇಡ ಅಂತ. ಅವನು ಮುಟ್ಟಲ್ಲ.”

“ಈಗ ಮುಟ್ಟಿದಾನೆ ಅಂತ ದೂರಾ?”

“ಅಲ್ಲ. ಅದು ನನ್ನ ಕಾರಲ್ಲ ಅಂತ ದೂರು.”

ಅವರು ಬೆರಳು ಮಡಚಿ ಹೇಳುತ್ತ ಹೋದರು. ಕಾರನ್ನು ಕಳೆದ ತಿಂಗಳು ಸರ್ವಿಸಿಗೆ ಬಿಟ್ಟಿದ್ದರು. ಎರಡು ದಿನದ ಕೆಲಸಕ್ಕೆ ಎರಡು ವಾರ ಹಿಡಿದಿತ್ತು. ವಾಪಸು ಬಂದ ಕಾರಿನ ನಂಬರ್ ಪ್ಲೇಟು ಅವರದೇ. ಸೀಟು ಅವರದೇ, ಎಡ ಮೂಲೆಯಲ್ಲಿ ಅಯೋಡಿನ್ ಕಲೆ ಇದ್ದ ಸೀಟು. ಸ್ಟೀರಿಂಗ್‌ಗೆ ತಾವೇ ಹೆಣೆದು ಹಾಕಿದ ಕವಚ. ಹಿಂದಿನ ಬಂಪರಿನ ಮೇಲಿನ ತಗ್ಗು ಕೂಡ ಇದ್ದ ಜಾಗದಲ್ಲೇ ಇತ್ತು.

“ಎಲ್ಲಾ ನಿಮ್ಮದೇ. ಕಾರು ಮಾತ್ರ ಬೇರೆಯವರದು.”

“ಹೌದು.”

“ಹಾಗೆ ಯಾರಾದ್ರೂ ಯಾಕೆ ಮಾಡ್ತಾರೆ?”

“ಅದು ಗೊತ್ತಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ದೆ? ನೀವು ಅದಕ್ಕೇ ಅಲ್ವಾ ಇರೋದು?”

ಬಾಗಿಲಲ್ಲಿ ನಿಂತಿದ್ದ ಕವಿ ಕೆಮ್ಮಿದ. ಅದು ಕೆಮ್ಮಲ್ಲ ಎಂದು ಇನ್ಸ್‌ಪೆಕ್ಟರಿಗೂ ಗೊತ್ತಾಯಿತು, ನರ್ಸಮ್ಮನಿಗೂ ಗೊತ್ತಾಯಿತು.

“ನಗಲಿ ಬಿಡಿ,” ಅಂದರು ನರ್ಸಮ್ಮ. “ಮನೇಲಿ ನಗೋದನ್ನೂ ನಿಲ್ಲಿಸಿಬಿಟ್ಟಿದಾರೆ. ಮಗಳು ಸೋಮವಾರ ನನ್ನನ್ನ ಮರೆವಿನ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಾಳೆ. ಕಾರಿನ ಕೀ ಆಗಲೇ ಅವಳ ಕಪಾಟಿನಲ್ಲಿದೆ. ಅಷ್ಟರೊಳಗೆ, ಈ ಕಾರು ಇವರದಲ್ಲ ಅಂತ ಯಾರಾದ್ರೂ ಒಂದು ಚೀಟಿ ಬರೆದುಕೊಡಬೇಕು. ಇಲ್ಲ ಅಂದ್ರೆ…”

“ಇಲ್ಲ ಅಂದ್ರೆ?”

“ಇಲ್ಲ ಅಂದ್ರೆ ಅವಳು ಹೇಳೋದೇ ಸರಿ ಅಂತ ಆಯ್ತು. ನನಗೂ ಹಾಗೇ ಅನಿಸೋಕೆ ಶುರುವಾಗಿದೆ, ಸಾರ್.”

ಕೊನೆಯ ಮಾತನ್ನು ಅವರು ಕವಿಗೆ ಕೇಳದ ಹಾಗೆ ಹೇಳಿದರು. ಇನ್ಸ್‌ಪೆಕ್ಟರು ಆಗಷ್ಟೇ ಮುಖದ ಮೇಲೆ ತಂದುಕೊಳ್ಳುತ್ತಿದ್ದ ನಗೆಯನ್ನು ಇದ್ದಲ್ಲಿಗೇ ಕಳಿಸಿ, ಅರ್ಜಿಗೆ ಸ್ವೀಕೃತಿ ಬರೆಯುವಂತೆ ಹೇಳಿದರು.

ಸಂಜೆ ನಾಲ್ಕಕ್ಕೆ ಇಬ್ಬರೂ ನರ್ಸಮ್ಮನ ಮನೆಗೆ ಹೋದರು. ಮುಂದೆ ತಗಡಿನ ಶೆಡ್ಡು, ಅದರೊಳಗೆ ಬಿಳಿ ಕಾರು. ಅದೇ ಕಂಪನಿಯ ಅದೇ ಬಿಳಿ ಬಣ್ಣದ ಕಾರು ದಾರಿಯಲ್ಲಿ ಅವರಿಗೆ ಮೂರು ಎದುರಾಗಿದ್ದವು. ಮಗಳು ಔಷಧಿ ಅಂಗಡಿಯಿಂದ ಬೇಗ ಬಂದಿದ್ದಳು. ಬಿಳಿ ಕೋಟು ಇನ್ನೂ ಮೈಮೇಲಿತ್ತು.

“ಕ್ಷಮಿಸಿ ಸಾರ್. ಅಮ್ಮ ನಿಮ್ಮವರೆಗೂ ಬರ್ತಾರೆ ಅಂದ್ಕೊಂಡಿರ್ಲಿಲ್ಲ.”

“ಯಾವಾಗಿನಿಂದ ಹೀಗೆ?”

“ಕಾರು ಬಂದಾಗಿನಿಂದ. ಮೊದಲು ಬಾಗಿಲು ಅಂದ್ರು. ಆಮೇಲೆ ಗೇರು ಅಂದ್ರು. ಈಗ ಒಲೆ ಆರಿಸಿದೀನಾ ಅಂತ ಎದ್ದೆದ್ದು ನೋಡ್ತಾರೆ, ಸಾರಿಗೆ ಉಪ್ಪು ಹಾಕಿದೀನಾ ಅಂತ ನನ್ನ ಕೇಳ್ತಾರೆ. ಮುಂಚೆ ಹೀಗಿರ್ಲಿಲ್ಲ.”

“ಮೆಕ್ಯಾನಿಕ್‌ನ ಕೇಳಿದ್ರಾ?”

“ಮೇಸ್ತ್ರಿನಾ? ಮೊದಲು ಅವರನ್ನೇ ಕೇಳಿದ್ದು. ಅವರೇ ಹೇಳಿದ್ರು, ಅಕ್ಕನಿಗೆ ಸ್ವಲ್ಪ ಮರೆವು ಶುರುವಾದ ಹಾಗಿದೆ, ನೋಡ್ಕೊಳ್ಳಮ್ಮಾ ಅಂತ. ಹೇಳಿ, ಬಟ್ಟೇಲಿ ಕೈ ಒರೆಸಿಕೊಳ್ತಾನೇ ನಿಂತ್ರು ಪಾಪ. ಈ ಕಾರು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

ಪರಿಶೀಲನೆ ಶುರುವಾಯಿತು. ಎಂಜಿನ್ನಿನ ಹಿಂದೆ ಇರುವ ತಗಡಿನ ಗೋಡೆಯ ಮೇಲೆ ಪ್ರತಿ ಕಾರಿಗೂ ಅದರದೇ ಆದ ಚಾಸಿ ನಂಬರ್ ಅಚ್ಚಾಗಿರುತ್ತದೆ: ಅಂಕಿ, ಅಕ್ಷರ ಸೇರಿ ಹದಿನೇಳು. ಕವಿ ಬಾನೆಟ್ಟಿನೊಳಗೆ ತಲೆ ತೂರಿಸಿದ. ಮಗಳು ನೋಂದಣಿ ಪುಸ್ತಕ ಹಿಡಿದು ಒಂದೊಂದಾಗಿ ಓದಿದಳು; ಒಳಗಿನಿಂದ ಕವಿ ಒಂದೊಂದಾಗಿ ಅನುಮೋದಿಸಿದ.

“ಕೆ.”

“ಕೆ, ಇದೆ.”

“ಓ.”

“ಓ, ಇದೆ.”

“ಎಸ್.”

“ಇದೆ ಮೇಡಂ, ಮುಂದೆ ಹೋಗಿ.”

ಕೊನೆಯ ‘ಸೊನ್ನೆ, ಸೊನ್ನೆ, ನಾಲ್ಕು’ ತನಕ ಒಂದೂ ತಪ್ಪಲಿಲ್ಲ. ಕವಿ ತಲೆ ಹೊರಗೆ ತೆಗೆದ. “ಹೊಂದಾಣಿಕೆ ಇದೆ, ಸಾರ್. ಸಂಪೂರ್ಣವಾಗಿ, ನಿಸ್ಸಂದಿಗ್ಧವಾಗಿ.”

ಮೆಟ್ಟಿಲ ಮೇಲೆ ಕುಳಿತಿದ್ದ ನರ್ಸಮ್ಮ ತಮ್ಮ ಎರಡು ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು, ಅವೂ ತಮ್ಮವೋ ಅಲ್ಲವೋ ಎನ್ನುವಂತೆ. ಆಮೇಲೆ ಎದ್ದು ಒಳಗೆ ಹೋದರು. ಮಗಳು ತುಟಿ ಕಚ್ಚಿಕೊಂಡು ನಿಂತಳು. ತಾನೇ ಗೆದ್ದ ಹಾಗಾಯಿತಲ್ಲ ಎಂಬುದು ಅವಳಿಗೂ ಸಂತೋಷದ ವಿಷಯವಾಗಿರಲಿಲ್ಲ.

ಅರ್ಜಿ ಮುಗಿಸುವ ಮುನ್ನ ಕಡತಕ್ಕೆ ನಂಬರಿನ ಪೆನ್ಸಿಲ್ ಪ್ರಿಂಟ್ ಸೇರಿಸುವುದು ವಾಡಿಕೆ. ಅಚ್ಚಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಅಕ್ಷರಗಳು ಕಾಗದದಲ್ಲಿ ಮೂಡುತ್ತವೆ. ಕವಿಯ ಕೈಗೆ ಆಗಲೇ ಗ್ರೀಸ್ ಹತ್ತಿದ್ದರಿಂದ ಇನ್ಸ್‌ಪೆಕ್ಟರು ಆ ಕೆಲಸವನ್ನು ತಾವೇ ಮಾಡಿದರು. ಕಾಗದವನ್ನು ಬೆಳಕಿಗೆ ಹಿಡಿದರು. ನೋಂದಣಿ ಪುಸ್ತಕವನ್ನು ಪಕ್ಕಕ್ಕೆ ಹಿಡಿದರು. ಪುಸ್ತಕದಲ್ಲಿ ಮೂರು ಸೊನ್ನೆ ಇದ್ದವು, ಮೂರೂ ಒಂದೇ ತಾಯಿಯ ಮಕ್ಕಳಂತೆ ಸಣಕಲು. ಕಾಗದದಲ್ಲಿ ಕೊನೆಯ ಎರಡು ಸೊನ್ನೆ ಸಣಕಲಾಗಿದ್ದವು. ಕೆ ಮತ್ತು ಎಸ್‌ಗಳ ನಡುವೆ ಇದ್ದದ್ದು ಮಾತ್ರ ಉಂಡುಟ್ಟು ದುಂಡಗಿತ್ತು.

“ಕವಿ, ಇದನ್ನ ಏನಂತ ಓದ್ತೀಯಾ?”

“ಓ ಸಾರ್.”

“ಪುಸ್ತಕದಲ್ಲಿ?”

“ಅದೂ ಓ ಸಾರ್.”

“ಹೂಂ,” ಎಂದು ಇನ್ಸ್‌ಪೆಕ್ಟರು ಕಾಗದ ಮಡಚಿ ಜೇಬಿನಲ್ಲಿಟ್ಟರು.

ಗುರುವಾರ ಬೆಳಗ್ಗೆ ಅವರು ಸಾರಿಗೆ ಕಚೇರಿಗೆ ಹೋದರು. ವಾಹನ ತಪಾಸಣೆಯ ಅಧಿಕಾರಿ ನಡುವಯಸ್ಸಿನ ಹೆಂಗಸು. ಕಾರುಗಳನ್ನು ‘ಇವನು’ ಎಂದೇ ಕರೆಯುವ ಅಭ್ಯಾಸ. ಗಂಡಸರಿಗಿಂತ ಕಾರುಗಳ ಬಗ್ಗೆಯೇ ಆಕೆಗೆ ಒಳ್ಳೆಯ ಅಭಿಪ್ರಾಯವಿದ್ದ ಹಾಗಿತ್ತು. ಕಾಗದವನ್ನು ನೋಡಿದ ಕೂಡಲೇ ಕನ್ನಡಕ ಹಾಕಿಕೊಂಡರು.

“ಯಾರು ಸಾರ್ ಇವನು? ಇವನು ಹುಟ್ಟೇ ಇಲ್ವಲ್ಲ.”

“ಅಂದ್ರೆ?”

“ನೋಡಿ, ಹದಿನೇಳರಲ್ಲಿ ಮೊದಲ ಮೂರು ಇವನ ಅಪ್ಪ ಯಾರು ಅಂತ ಹೇಳುತ್ತೆ, ಅಂದ್ರೆ ಕಂಪನಿ. ಆಮೇಲಿನ ಆರು ಮೈಕಟ್ಟು, ಎಂಜಿನ್ನು ಅದು ಇದು. ಹತ್ತನೇದು ಹುಟ್ಟಿದ ವರ್ಷ. ಹನ್ನೊಂದನೇದು ಯಾವ ಕಾರ್ಖಾನೆ. ಕೊನೆಯ ಆರು ಇವನ ಸ್ವಂತದ್ದು, ಸರದಿ ಸಂಖ್ಯೆ. ಇದೆಲ್ಲ ಇವನಿಗೆ ಸರಿಯಾಗೇ ಇದೆ. ಆದ್ರೆ ಇಲ್ಲಿ ಓ ಇದೆ.”

“ಓ ಇರಬಾರದಾ?”

“ಜಗತ್ತಿನ ಯಾವ ಕಾರಿಗೂ ಇರಲ್ಲ. ಐ, ಓ, ಕ್ಯೂ, ಈ ಮೂರು ಅಕ್ಷರ ಚಾಸಿ ನಂಬರಲ್ಲಿ ಬಳಸೋದೇ ಇಲ್ಲ. ಒಂದು, ಸೊನ್ನೆ ಅಂತ ಜನ ತಪ್ಪು ತಿಳ್ಕೋತಾರೆ ಅಂತ ಮೊದಲೇ ತೆಗೆದುಹಾಕಿದಾರೆ. ಕಾರ್ಖಾನೇಲಿ ಆ ಅಚ್ಚೇ ಇರಲ್ಲ. ಇದನ್ನ ಯಾರೋ ಕೈಯಲ್ಲಿ ಹೊಡೆದಿದಾರೆ.” ಆಕೆ ಕಾಗದವನ್ನು ಓರೆ ಮಾಡಿದರು. “ಏನು ಚೆಂದ ಹೊಡೆದಿದಾನೆ ನೋಡಿ. ಸಾಲು ಒಂದು ಕೂದಲೆಳೆ ಹಾರಿಲ್ಲ. ಒಳ್ಳೆ ಕೆಲಸಗಾರ. ಕಿಟಕಿ ಗಾಜು ನೋಡಿದ್ರಾ?”

ನೋಡಿರಲಿಲ್ಲ. ಗಾಜಿನ ಮೂಲೆಯಲ್ಲಿ ಅದು ತಯಾರಾದ ವರ್ಷದ ಗುರುತು ಇರುತ್ತದಂತೆ. ಇನ್ಸ್‌ಪೆಕ್ಟರು ಅಲ್ಲಿಂದಲೇ ಕವಿಗೆ ಫೋನ್ ಮಾಡಿ ನರ್ಸಮ್ಮನ ಮನೆಗೆ ಓಡಿಸಿದರು. ಅರ್ಧ ಗಂಟೆಯಲ್ಲಿ ಉತ್ತರ ಬಂತು: ಎಲ್ಲ ಗಾಜುಗಳ ಮೇಲೂ ಒಂದೇ ವರ್ಷ, ನೋಂದಣಿ ಪುಸ್ತಕದಲ್ಲಿ ಇದ್ದದ್ದಕ್ಕಿಂತ ಎರಡು ವರ್ಷ ಈಚೆಯದು.

“ಒಂದು ಗಾಜು ಒಡೆದು ಹೊಸದು ಹಾಕಿಸ್ತಾರೆ ಸಾರ್,” ಅಂದರು ಅಧಿಕಾರಿ. “ಎಲ್ಲಾ ಗಾಜೂ ಒಟ್ಟಿಗೆ ಒಡೆದುಕೊಂಡ ಕಾರು ವಾಪಸು ಮನೆಗೆ ಬರಲ್ಲ.”

ಇನ್ಸ್‌ಪೆಕ್ಟರು ಔಷಧಿ ಅಂಗಡಿಗೆ ಫೋನ್ ಮಾಡಿದರು.

“ಇತ್ತೀಚೆಗೆ ಕಾರಿನ ಚಾಸಿ ನಂಬರನ್ನ ಯಾರಿಗಾದ್ರೂ ಓದಿ ಹೇಳಿದ್ರಾ?”

ಮಗಳು ಸ್ವಲ್ಪ ಯೋಚಿಸಿದಳು. “ಮೇಸ್ತ್ರಿಗೆ ಹೇಳಿದ್ದೆ ಸಾರ್. ಫೋನಲ್ಲಿ. ಇನ್ಶೂರೆನ್ಸಿಗೆ ಬೇಕು ಅಂದ್ರು.”

“ಯಾವಾಗ?”

“ಕಾರು ಅವರ ಹತ್ರ ಇದ್ದಾಗಲೇ.” ಹೇಳಿ ಮುಗಿಸಿದ ಮೇಲೆ ಆ ಮಾತು ಅವಳ ಕಿವಿಗೇ ಬಿದ್ದಂತಿತ್ತು. ಕಾರು ಎದುರಿಗಿದ್ದವನು ಅದರ ನಂಬರನ್ನು ಫೋನಿನಲ್ಲಿ ಯಾಕೆ ಕೇಳಬೇಕು?

“ಅವತ್ತು ಹೇಗೆ ಓದಿದ್ರೋ ಹಾಗೇ ಓದಿ.”

ಅವಳು ನಿಧಾನವಾಗಿ ಓದಿದಳು. ಅಕ್ಷರಗಳ ನಡುವೆ ಬಂದ ಸೊನ್ನೆಯನ್ನು ಓ ಅಂದಳು. ಅಂಕಿಗಳ ನಡುವೆ ಬಂದವನ್ನು ಸೊನ್ನೆ ಅಂದಳು.

“ಕೆ ಆದ ಮೇಲೆ ಬರೋದು ಓ ಅಲ್ಲಮ್ಮ. ಸೊನ್ನೆ.”

“ಎಲ್ಲಾರೂ ಹಾಗೇ ತಾನೇ ಸಾರ್ ಹೇಳೋದು?”

“ಹೌದು. ನಮ್ಮ ಹೆಡ್ ಕಾನ್‌ಸ್ಟೇಬಲೂ ಹಾಗೇ ಹೇಳಿದ.”

ಮಗಳು ಕೇಳಿದಳು: “ಹಾಗಾದ್ರೆ ಅಮ್ಮನ ತಲೆ…?”

“ನಿಮ್ಮ ಅಮ್ಮನ ತಲೆ ನಮ್ಮ ಮೂವರ ತಲೆಗಿಂತ ಸರಿಯಾಗಿದೆ.”

ಗುರುವಾರ ಮಧ್ಯಾಹ್ನ ಎಫ್‌ಐಆರ್ ದಾಖಲಾಯಿತು. ಕಾರನ್ನು ವಶಪಡಿಸಿಕೊಂಡು ಠಾಣೆಯ ಹಿತ್ತಲಿಗೆ ತರಲಾಯಿತು. ಸಾಕ್ಷಿಗಳಾದ ಪಂಚರ ಎದುರು ಬರೆದ ಜಪ್ತಿ ಪಂಚನಾಮೆಯಲ್ಲಿ ಕವಿ ಕಾರನ್ನು ‘ಮೇಲ್ನೋಟಕ್ಕೆ ನಿಷ್ಕಪಟವಾದ’ ಎಂದು ವರ್ಣಿಸಿದ್ದ. ಇನ್ಸ್‌ಪೆಕ್ಟರು ಹೊಡೆದುಹಾಕಿದರು.

ಮೇಸ್ತ್ರಿಯ ಗ್ಯಾರೇಜು ಕಾಲುವೆ ಪಕ್ಕದ ರಸ್ತೆಯ ಕೊನೆಯಲ್ಲಿತ್ತು. ಹಿಂದೆ ಮೂವರು ಕೆಲಸಗಾರರಿದ್ದ ಜಾಗ. ಈಗ ಆತ ಒಬ್ಬನೇ. ಗೋಡೆಯ ಮೇಲೆ ಸ್ಪ್ಯಾನರುಗಳು ಅಳತೆಯ ಪ್ರಕಾರ ತೂಗುತ್ತಿದ್ದವು. ಮಾತಾಡುತ್ತಲೇ ಆತ ಕೈ ಹಿಂದಕ್ಕೆ ಚಾಚಿ ಬೇಕಾದ್ದನ್ನು ತೆಗೆದುಕೊಳ್ಳುತ್ತಿದ್ದ. ಗೋಡೆಯತ್ತ ಒಮ್ಮೆಯೂ ತಿರುಗಲಿಲ್ಲ. ಎಂಥ ಪಳಗಿದ ಕೈ ಎಂದುಕೊಂಡರು ಇನ್ಸ್‌ಪೆಕ್ಟರು. ಪಳಗಿದ್ದಂತೂ ನಿಜ.

“ನರ್ಸಮ್ಮನ ಕಾರು ನೀವೇ ಅಲ್ವಾ ನೋಡೋದು?”

“ಷೋರೂಮಿನಿಂದ ಬಂದಾಗಿನಿಂದ ನಾನೇ ಸಾರ್.”

“ಬಾಗಿಲು ಕಿರ್ ಅನ್ನಲ್ಲವಂತೆ.”

“ಅಕ್ಕನಿಗೆ ವಯಸ್ಸಾಯ್ತು ಸಾರ್.” ಆತ ಬಟ್ಟೆಯಲ್ಲಿ ಕೈ ಒರೆಸಿಕೊಂಡ, ಒರೆಸಿದ ಬೆರಳನ್ನೇ ಮತ್ತೆ ಒರೆಸಿದ. “ಕಿವಿ ಮಂದ ಆಗಿರಬೇಕು.”

“ಮಗಳ ಹತ್ರ ಮರೆವು ಅಂದ್ರಂತೆ?”

“ಏನೋ ಒಂದು. ವಯಸ್ಸಾದ ಮೇಲೆ ಎಲ್ಲಾ ಒಟ್ಟಿಗೇ ಬರುತ್ತಲ್ಲ ಸಾರ್.”

ಇನ್ಸ್‌ಪೆಕ್ಟರು ಪೆನ್ಸಿಲ್ ಪ್ರಿಂಟನ್ನು ಆತನ ಕೈಗೆ ಕೊಟ್ಟರು. “ಈ ನಂಬರ್ ನೋಡಿ. ಆ ಕಾರಿಂದೇನಾ?”

ಮೇಸ್ತ್ರಿ ಕಾಗದವನ್ನು ತೋಳಿನುದ್ದ ದೂರ ಹಿಡಿದ, ಮೂಗಿನ ಹತ್ತಿರ ತಂದ, ತಲೆಯಾಡಿಸಿದ. “ಇದೇ ನಂಬರ್ ಸಾರ್. ಯಾಕೆ, ಏನಾಯ್ತು?”

ವಾಪಸು ತೆಗೆದುಕೊಳ್ಳುವಾಗಲೇ ಇನ್ಸ್‌ಪೆಕ್ಟರಿಗೆ ಗೊತ್ತಾದದ್ದು: ಅವಸರದಲ್ಲಿ ತಾವು ಕಾಗದವನ್ನು ತಲೆಕೆಳಗಾಗಿ ಕೊಟ್ಟಿದ್ದರು.

ಅವರು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಹಿಂದಿನ ಶೆಡ್ಡಿನಲ್ಲಿ ಟಾರ್ಪಾಲಿನ್ ಹೊದಿಸಿದ್ದ ಏನೋ ಒಂದು ಕಾಣುತ್ತಿತ್ತು. ಅದರ ಬಗ್ಗೆಯೂ ಕೇಳಲಿಲ್ಲ. ಜೀಪು ಹತ್ತುವಾಗ ಕವಿ, “ಸಾರ್, ಎತ್ತಾಕ್ಕೊಂಡು ಹೋಗೋಣ್ವಾ?” ಅಂದ.

“ಲ್ಯಾಬಿನವರು ಬರಲಿ,” ಅಂದರು ಇನ್ಸ್‌ಪೆಕ್ಟರು. ಕಾನೂನಿನ ಪ್ರಕಾರ ಅದು ಸರಿಯಾದ ಮಾತೇ ಆಗಿತ್ತು. ಹೇಳಿದ್ದು ಮಾತ್ರ ಬೇರೆ ಕಾರಣಕ್ಕೆ.

ಶುಕ್ರವಾರ ವಿಧಿವಿಜ್ಞಾನ ಪ್ರಯೋಗಾಲಯದಿಂದ ಒಬ್ಬರು ಸಣ್ಣ ಪೆಟ್ಟಿಗೆಯೊಂದಿಗೆ ಬಂದರು. ಹೊಸ ನಂಬರಿನ ಕೆಳಗೆ ತಗಡನ್ನು ಉಜ್ಜಿ ನಯ ಮಾಡಿದ್ದು ಕಂಡಿತು. ಹತ್ತಿಯಲ್ಲಿ ಆಸಿಡ್ ಅದ್ದಿ ಸವರಿದರು. ಒಮ್ಮೆ ಅಚ್ಚು ಹೊಡೆದ ಲೋಹ ಮೇಲೆ ಎಷ್ಟು ಉಜ್ಜಿದರೂ ಒಳಗೆ ಆ ಪೆಟ್ಟನ್ನು ಇಟ್ಟುಕೊಂಡಿರುತ್ತದೆ ಎಂದು ಅವರು ವಿವರಿಸುತ್ತಿರುವಾಗಲೇ, ಹೊಸ ಅಕ್ಷರಗಳ ಸಂದಿಯಿಂದ ಹಳೆಯ ಅಕ್ಷರಗಳು ಮಸುಕಾಗಿ ಎದ್ದವು. ಹದಿನೇಳರಲ್ಲಿ ಹದಿನಾಲ್ಕು ಸಿಕ್ಕವು. ಹತ್ತನೆಯದು ಗಾಜಿನ ಮೇಲಿದ್ದ ವರ್ಷವನ್ನೇ ಹೇಳುತ್ತಿತ್ತು. ಉಳಿದದ್ದನ್ನು ಸಾರಿಗೆ ಕಚೇರಿಯ ಕಂಪ್ಯೂಟರು ತುಂಬಿಕೊಟ್ಟಿತು. ಮಾಲೀಕ ಒಬ್ಬ ಸರ್ವೇಯರ್. ಕೆಲಸದ ಮೇಲೆ ದೂರ ಹೋಗಿದ್ದ. ಫೋನಿಗೆ ಸಿಕ್ಕ.

“ನನ್ನ ಕಾರಾ? ಮೇಸ್ತ್ರಿ ಹತ್ರ ಇದೆಯಲ್ಲ ಸಾರ್. ನಾಲ್ಕು ವರ್ಷ ಆಯ್ತು ಬಿಟ್ಟು. ಬಂದಾಗ ತಗೋತೀನಿ ಅಂತ ಹೇಳಿದೀನಿ.”

“ಒಂದು ಸಲನಾದ್ರೂ ವಿಚಾರಿಸಿದ್ರಾ?”

“ಎಂತದ್ದು ವಿಚಾರಿಸೋದು ಸಾರ್, ಅವರ ಹತ್ರ ಇದ್ರೆ ಬ್ಯಾಂಕಲ್ಲಿ ಇಟ್ಟ ಹಾಗೆ.”

ಇನ್ಸ್‌ಪೆಕ್ಟರು ಫೋನ್ ಕೆಳಗಿಟ್ಟರು. ಈ ಊರಿನಲ್ಲಿ ಯಾರನ್ನು ಕೇಳಿದರೂ ಆ ಮನುಷ್ಯನಿಗೆ ಒಳ್ಳೆಯ ನಡತೆಯ ಪ್ರಮಾಣಪತ್ರ ಸಿಗುತ್ತಿತ್ತು.

ಶನಿವಾರ ಹನ್ನೊಂದಕ್ಕೆ ಅವರು ಶೋಧನಾ ವಾರಂಟ್ ಹಿಡಿದು, ಪಂಚರಿಬ್ಬರನ್ನು ಕರೆದುಕೊಂಡು ಗ್ಯಾರೇಜಿಗೆ ಹೋದಾಗ ಮೇಸ್ತ್ರಿ ಒಂದು ವ್ಯಾನಿನ ಕೆಳಗೆ ಮಲಗಿದ್ದ. ಹೊರಗೆ ಎರಡು ಪಾದ ಮಾತ್ರ ಕಾಣುತ್ತಿದ್ದವು.

“ಬೂಟು,” ಅಂದಿತು ವ್ಯಾನಿನ ಕೆಳಗಿನ ದನಿ. “ಎರಡು ಜೊತೆ. ಸಾರ್, ಐದು ನಿಮಿಷ ಕೊಡಿ. ಬ್ರೇಕಿನ ನಟ್ಟು ಅರ್ಧ ಬಿಗಿಯಾಗಿದೆ. ಹೀಗೇ ಬಿಟ್ಟುಬಂದ್ರೆ ಯಾರೋ ಪಾಪದವರು ಹೋಗಿಬಿಡ್ತಾರೆ.”

ಇನ್ಸ್‌ಪೆಕ್ಟರು ಕಾದರು. ನಟ್ಟು ಬಿಗಿಯಾಗುವ ಸದ್ದು ಸಾವಕಾಶವಾಗಿ ಕೇಳಿಸಿತು.

ಟಾರ್ಪಾಲಿನ್ ಸರಿಸಿದರು. ಕೆಳಗೆ ಬಿಳಿ ಕಾರು; ಮೂತಿ ಪೂರ್ತಿ ಒಳಗೆ ಕುಸಿದಿತ್ತು, ಎಂಜಿನ್ ಹಿಂದಿನ ತಗಡು ಕಾಗದದ ಉಂಡೆಯಂತೆ ಮುದುಡಿತ್ತು. ಸೀಟಿಲ್ಲ, ನಂಬರ್ ಪ್ಲೇಟಿಲ್ಲ. ಡ್ರೈವರ್ ಕಡೆಯ ಬಾಗಿಲು ಮಾತ್ರ ನೆಟ್ಟಗಿತ್ತು. ಕವಿ ಅದರ ಹಿಡಿಗೆ ಕೈ ಹಾಕಿ ಎಳೆದ.

ಕಿರ್ರ್ ಅಂದಿತು. ಉದ್ದವಾಗಿ, ಬಾಗಿಲು ಪೂರ್ತಿ ತೆರೆಯುವ ತನಕ.

ಪಂಚರಲ್ಲಿ ಒಬ್ಬ, ಪಕ್ಕದ ಟೈರ್ ಅಂಗಡಿಯವನು, “ನರ್ಸಮ್ಮನ ಕಾರು” ಅಂದ. ಅವನು ನೋಡಿ ಹೇಳಿದ್ದಲ್ಲ. ಆ ಹೊತ್ತಿಗೆ ಅವನು ಬೀದಿಯ ಕಡೆ ಮುಖ ಮಾಡಿ ನಿಂತಿದ್ದ.

ಬೆಂಚಿನ ಮೇಲೆ ಎರಡು ಮರದ ಪೆಟ್ಟಿಗೆ ಸಿಕ್ಕವು. ಒಂದರಲ್ಲಿ ಅಕ್ಷರದ ಉಕ್ಕಿನ ಅಚ್ಚುಗಳು, ಇನ್ನೊಂದರಲ್ಲಿ ಅಂಕಿಯವು. ಪ್ರತಿಯೊಂದಕ್ಕೂ ಅದರದೇ ತೂತು.

“ಕಣ್ಣು ಯಾವಾಗಿನಿಂದ ಕಾಣಲ್ಲ?” ಎಂದು ಕೇಳಿದರು ಇನ್ಸ್‌ಪೆಕ್ಟರು.

ಮೇಸ್ತ್ರಿ ಬೆಂಚಿನ ಅಂಚು ಹುಡುಕಿ ಕುಳಿತ. “ಮೂರು ವರ್ಷದಿಂದ ಕಡಿಮೆ ಆಗ್ತಾ ಬಂತು ಸಾರ್. ನಡುವೆ ಹೊಗೆ ಇದ್ದ ಹಾಗೆ. ಅಂಚಲ್ಲಿ ಸ್ವಲ್ಪ ಕಾಣುತ್ತೆ. ಕೆಲಸಕ್ಕೆ ಏನೂ ತೊಂದರೆ ಆಗ್ಲಿಲ್ಲ. ಎಂಜಿನ್ನು ಕಿವಿ ಮತ್ತೆ ಕೈಯಿಂದ ತಾನೇ ಮಾಡೋದು.”

“ಓಡಿಸೋದು?”

“ಸರ್ವಿಸ್ ಆದ ಮೇಲೆ ಕಾಲುವೆ ರಸ್ತೇಲಿ ಒಂದು ಸುತ್ತು ಹೋಗಿಬರ್ತಿದ್ದೆ. ಬೆಳಗ್ಗೆ, ಜನ ಇಲ್ಲದಾಗ. ಆ ರಸ್ತೆ ನನಗೆ ಬಾಯಿಪಾಠ. ಅಲ್ಲಿ ಮೋರಿ ರಿಪೇರಿ ಮಾಡಿ ಹೊಸದಾಗಿ ಕಟ್ಟೆ ಕಟ್ಟಿದ್ರು. ನನಗೆ ಯಾರೂ ಹೇಳಿರ್ಲಿಲ್ಲ.”

“ಕಟ್ಟೆ ಜಾಗದಲ್ಲಿ ಯಾರಾದ್ರೂ ನಿಂತಿದ್ರೆ?”

ಆ ಪ್ರಶ್ನೆಯನ್ನು ಮೇಸ್ತ್ರಿ ತನಗೆ ತಾನೇ ಸಾಕಷ್ಟು ಸಲ ಕೇಳಿಕೊಂಡಿದ್ದಾನೆ ಎಂಬುದು ಆತ ಕುಳಿತ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಉಳಿದದ್ದನ್ನು ಆತನೇ ಹೇಳಿದ. ಸರ್ವೇಯರನ ಕಾರು ಮೂಲೆಯಲ್ಲಿ ನಿಂತಿತ್ತು. ಅದೇ ಬಿಳಿ, ಅದೇ ಮಾದರಿ. ಎರಡು ವಾರ ಹಗಲೆಲ್ಲ ಕೂತು ಒಂದನ್ನು ಇನ್ನೊಂದು ಮಾಡಿದ. ಬಂಪರಿನ ತಗ್ಗನ್ನು ಬೆರಳಿನಿಂದ ಅಳೆದು ಸುತ್ತಿಗೆಯಿಂದ ಹೊಡೆದ. ಹಳೆಯ ಕಾರಿನಲ್ಲಿ ನಂಬರಿದ್ದ ತಗಡು ಮುದುಡಿ ಹೋಗಿದ್ದರಿಂದ ಅದು ಕೈಗೆ ಸಿಗಲಿಲ್ಲ. ಪುಸ್ತಕ ಓದಲು ಕಣ್ಣಿರಲಿಲ್ಲ. ಫೋನ್ ಮಾಡಿದ. ಮಗಳು ಓ ಅಂದಳು. ಅಕ್ಷರದ ಪೆಟ್ಟಿಗೆಯಲ್ಲಿ ಎಣಿಸಿ ಓ ತೆಗೆದು ಹೊಡೆದ.

“ಎಲ್ಲಾ ಆಯ್ತು ಸಾರ್, ಬಾಗಿಲು ಒಂದು ಬಿಟ್ಟು. ಹಳೇ ಬಾಗಿಲು ತೆಗೆದು ಹಾಕೋಣ ಅಂದ್ರೆ ಗುದ್ದಿದ ಏಟಿಗೆ ಬಾಗಿಲ ಕೀಲಿನ ಬೋಲ್ಟು ಕಚ್ಕೊಂಡಿತ್ತು, ಬಿಚ್ಚೋಕಾಗ್ಲಿಲ್ಲ. ಹೊಸದಕ್ಕೆ ಗ್ರೀಸೆಲ್ಲ ತೊಳೆದೆ. ಉಪ್ಪುನೀರು ಹಾಕಿದೆ, ತುಕ್ಕು ಹಿಡೀಲಿ ಅಂತ. ಮರಳು ಹಾಕಿದೆ. ಗರ್ ಅಂತು, ಕಟ್ ಅಂತು, ಕಿರ್ ಅನ್ನಲಿಲ್ಲ. ಜೀವನ ಎಲ್ಲಾ ಕಿರ್ ಅನ್ನೋದನ್ನ ನಿಲ್ಸಿದೀನಿ. ಹುಟ್ಸೋಕೆ ಬರಲ್ಲ ಅಂತ ಗೊತ್ತಿರ್ಲಿಲ್ಲ.”

ಹನ್ನೊಂದು ನಲವತ್ತಕ್ಕೆ ಆತನನ್ನು ದಸ್ತಗಿರಿ ಮಾಡಲಾಯಿತು. ಕವಿ ಪಂಚನಾಮೆ ಬರೆದ. ‘ಸದರಿ ವಾಹನದ ಚಾಲಕನ ಬದಿಯ ಬಾಗಿಲನ್ನು ತೆರೆದಾಗ ಕಿರ್ ಎಂಬ ಸದ್ದು ಬಂದಿರುತ್ತದೆ.’ ಇನ್ಸ್‌ಪೆಕ್ಟರು ವಾಕ್ಯದ ಉದ್ದಕ್ಕೂ ಹುಡುಕಿದರು. ಹೊಡೆದುಹಾಕಲು ಒಂದು ವಿಶೇಷಣವೂ ಸಿಗಲಿಲ್ಲ.

ಮಧ್ಯಾಹ್ನ ಮುರಿದ ಕಾರನ್ನು ಠಾಣೆಗೆ ಎಳೆದು ತಂದರು. ಗುರುತಿಸಲು ನರ್ಸಮ್ಮನನ್ನು ಕರೆಸಿದರು. ಮಗಳು ಜೊತೆಗೆ ಬಂದಿದ್ದಳು, ತಾಯಿಯ ತೋಳು ಹಿಡಿದುಕೊಂಡು. ಹಿಡಿಸಿಕೊಳ್ಳುವ ಅಗತ್ಯ ತಾಯಿಗಿರಲಿಲ್ಲ, ಹಿಡಿಯುವ ಅಗತ್ಯ ಮಗಳಿಗಿತ್ತು. ನರ್ಸಮ್ಮ ಬಾಗಿಲನ್ನು ಒಂದು ಸಲ ತೆಗೆದರು, ಒಂದು ಸಲ ಮುಚ್ಚಿದರು.

“ಇದು ನನ್ನದು,” ಅಂದರು. “ಬರೆದುಕೊಳ್ಳಿ.”

ಆಮೇಲೆ ಲಾಕಪ್ಪಿನ ಎದುರು ಹೋಗಿ ನಿಂತರು. ಇನ್ಸ್‌ಪೆಕ್ಟರು ತಡೆಯಲಿಲ್ಲ. ಸರಳುಗಳ ಆಚೆ ಮೇಸ್ತ್ರಿ ಎದ್ದು ನಿಂತ. ಮುಖವನ್ನು ಸ್ವಲ್ಪ ಓರೆ ಮಾಡಿ, ಕಣ್ಣಂಚಿನಲ್ಲಿ ಅವರನ್ನು ಹುಡುಕಿದ.

“ಇತ್ಲಾಗಿ ತಿರುಗು,” ಎಂದು ನರ್ಸಮ್ಮ ಸರಳಿನ ಸಂದಿಯಿಂದ ಕೈ ಹಾಕಿ ಆತನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು. ರೆಪ್ಪೆ ಎಳೆದು ನೋಡಿದರು. “ನನಗೆ ಹೇಳಬಹುದಿತ್ತಲ್ಲ, ಮೇಸ್ತ್ರಿ.”

“ಹೇಳಿದ್ರೆ ಕಾರು ಬೇರೆಯವರಿಗೆ ಕೊಡ್ತಿದ್ರಿ, ಅಕ್ಕಾ.”

ನರ್ಸಮ್ಮ ಯೋಚಿಸಿದರು. ಸುಳ್ಳು ಹೇಳಲು ಅವರಿಗೆ ಅಭ್ಯಾಸವಿರಲಿಲ್ಲ. “ಕೊಡ್ತಿದ್ದೆ,” ಅಂದರು.

“ನಿಮ್ಮದು ಹೋದ್ರೆ ಎಲ್ಲಾರದೂ ಹೋಗ್ತಿತ್ತು. ನರ್ಸಮ್ಮನೇ ಬಿಟ್ರಂತೆ ಅಂತ.”

“ಕಾರು ಹೋಗಲಿ. ಕಬ್ಬಿಣ. ನನಗೆ ಬುದ್ಧಿ ಸರಿಯಿಲ್ಲ ಅಂತ ಇವಳ ಹತ್ರ ಹೇಳಿದ್ಯಾ?”

“ಬೇರೆ ಏನು ಹೇಳ್ಬೇಕು ಅಂತ ತೋಚಲಿಲ್ಲ.”

“ನಿನ್ನ ಹೆಂಡತಿಗೆ ಹೆರಿಗೆ ಮಾಡಿಸಿದ್ದು ಆ ಕಾರಿನ ಹಿಂದಿನ ಸೀಟಲ್ಲಿ. ನೀನೇ ಓಡಿಸ್ತಿದ್ದೆ. ಮಗು ಅತ್ತಾಗ ನೀನು ಗಾಡಿ ನಿಲ್ಲಿಸಿ ಅತ್ತೆ. ನನಗೆ ಅದೆಲ್ಲಾ ನೆನಪಿದೆ.” ಅವರು ಕೈ ಹಿಂದಕ್ಕೆ ತೆಗೆದುಕೊಂಡರು. “ಈ ಮೂರು ವಾರ, ಅದೂ ನಡೆದಿತ್ತೋ ಇಲ್ಲವೋ ಅಂತ ಕೂತು ಯೋಚಿಸ್ತಿದ್ದೆ.”

ಮೇಸ್ತ್ರಿ ಸರಳನ್ನು ಹಿಡಿದುಕೊಂಡ. ಇಷ್ಟು ಹೊತ್ತು ಆತ ಅತ್ತಿರಲಿಲ್ಲ.

ನರ್ಸಮ್ಮ ಇನ್ಸ್‌ಪೆಕ್ಟರ ಕೋಣೆಗೆ ಬಂದು ನಿಂತರು. “ದೂರು ವಾಪಸ್ ತಗೋತೀನಿ ಸಾರ್.”

“ಆಗಲ್ಲ, ಅಮ್ಮಾ. ನಂಬರ್ ತಿದ್ದಿದ್ದು ಸರ್ಕಾರದ ವಿರುದ್ಧದ ಅಪರಾಧ. ಇನ್ನೊಬ್ಬರ ಕಾರು ಬೇರೆ ಇದೆ. ಕೇಸು ಈಗ ನಿಮ್ಮದಲ್ಲ.”

“ನಾನು ಕೇಳಿದ್ದು ಒಂದು ಚೀಟಿ ಅಷ್ಟೆ.”

“ಗೊತ್ತು.”

“ಇದು ಗೊತ್ತಿದ್ದಿದ್ರೆ ಮರೆವು ಇದೆ ಅಂತಲೇ ಒಪ್ಕೊಂಡುಬಿಡ್ತಿದ್ದೆ.”

ಇನ್ಸ್‌ಪೆಕ್ಟರು ಒಂದು ಬಿಳಿ ಹಾಳೆ ತೆಗೆದು, ಅಮುಕ ದಿನ ದೂರುದಾರರು ಸಲ್ಲಿಸಿದ ಅರ್ಜಿಯಲ್ಲಿನ ಸಂಗತಿಗಳೆಲ್ಲವೂ ತನಿಖೆಯಿಂದ ನಿಜವೆಂದು ಕಂಡುಬಂದಿರುತ್ತವೆ ಎಂದು ಬರೆದು, ಸಹಿ ಹಾಕಿ, ಠಾಣೆಯ ಮೊಹರು ಒತ್ತಿ ಕೊಟ್ಟರು. ನರ್ಸಮ್ಮ ಅದನ್ನು ಓದಿ, ನಾಲ್ಕಾಗಿ ಮಡಚಿ ಚೀಲದಲ್ಲಿಟ್ಟುಕೊಂಡರು. ಮಗಳಿಗೆ ತೋರಿಸಲಿಲ್ಲ.

ಕಣ್ಣು ಹೋಗುತ್ತಿದೆ ಎಂದು ಒಬ್ಬರಿಗೂ ಹೇಳಲಾರದ ಮನುಷ್ಯ, ಇನ್ನೊಬ್ಬರ ಬುದ್ಧಿ ಹೋಗುತ್ತಿದೆ ಎಂದು ಹೇಳಿದ. ದೋಷಾರೋಪ ಪಟ್ಟಿಯಲ್ಲಿ ಉದ್ದೇಶ ಎಂಬ ಅಂಕಣದ ಎದುರು ಇದನ್ನು ಹೇಗೆ ಬರೆಯುವುದೆಂದು ಇನ್ಸ್‌ಪೆಕ್ಟರು ಬಹಳ ಹೊತ್ತು ಕುಳಿತಿದ್ದು, ಕೊನೆಗೆ ‘ಅಪಘಾತವನ್ನು ಮರೆಮಾಚುವ ಸಲುವಾಗಿ’ ಎಂದು ಬರೆದರು.

ಸೋಮವಾರದ ಡಾಕ್ಟರ ಭೇಟಿ ರದ್ದಾಯಿತು. ಮುರಿದ ಕಾರು ಕೇಸಿನ ಮುದ್ದೆಮಾಲಾಗಿ ಠಾಣೆಯ ಹಿತ್ತಲಿನಲ್ಲಿ ಉಳಿಯಿತು. ಮೇಸ್ತ್ರಿಗೆ ಎಂಟು ತಿಂಗಳ ಸಜೆಯಾಯಿತು. ಕಾಲುವೆ ರಸ್ತೆಯ ಗ್ಯಾರೇಜು ಮುಚ್ಚಿತು. ನರ್ಸಮ್ಮ ಮತ್ತೆ ಕಾರು ಕೊಳ್ಳಲಿಲ್ಲ.